ಸಿರಿಲನ ನಾಲಗೆ

ಸೀನಪ್ಪ ಚಮಚವನ್ನು ಮುಂದೆ ಚಾಚಿದ. ಸಿರಿಲ್ ಎಂದಿನಂತೆ ಟೈಯನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡು ಬಾಗಿ, ಎರಡು ಸಲ ಊದಿ, ಕೆಂಪು ರಸವನ್ನು ಬಾಯಿಗೆ ಬಿಟ್ಟುಕೊಂಡ. ಕಣ್ಣು ಮುಚ್ಚಿ, ದವಡೆ ಆಡಿಸಿ, ಯೋಚಿಸುವವನಂತೆ ಹುಬ್ಬು ಗಂಟಿಕ್ಕಿದ. ಬಾಯಿಯೊಳಗೆ ಬಿಸಿ ಇತ್ತು, ಒಂದಿಷ್ಟು ಜಿಡ್ಡಿತ್ತು. ಬೇರೇನೂ ಇರಲಿಲ್ಲ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಚೀಪಿದರೂ ಅಷ್ಟೇ ಗೊತ್ತಾಗುತ್ತಿತ್ತು.

"ಎಂತ ಹೇಳ್ತಿ ಪೊರ್ಬು?" ಎಂದ ಸೀನಪ್ಪ. ಊರ ಕಡೆ ತುಳುವರು ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹೆಸರು ಅದು. ಸೀನಪ್ಪ ಅದನ್ನು ಅರ್ಧ ಮರ್ಯಾದೆಗೂ ಅರ್ಧ ಚೇಷ್ಟೆಗೂ ಬಳಸುತ್ತಿದ್ದ.

ಸಿರಿಲ್ ಹಿಂದಿನ ದಿನಗಳನ್ನು ನೆನೆಸಿಕೊಂಡ. ನಿನ್ನೆ 'ಸಮ ಉಂಟು' ಎಂದಿದ್ದ. ಮೊನ್ನೆಯೂ ಅದನ್ನೇ ಹೇಳಿದ್ದ. ದಿನಾ ಅದನ್ನೇ ಹೇಳುತ್ತ ಹೋದರೆ ಎಂಥ ಪೆದ್ದನಿಗೂ ಅನುಮಾನ ಬಂದೀತು.

"ಒಂದು ಚೂರು ಉಪ್ಪು ಬೇಕಾ ಅಂತ" ಎಂದ.

"ಬೇಕಾ ಅಂತ ನನ್ನ ಹತ್ರ ಕೇಳುದಾ? ಬೇಕಾ, ಬೇಡ್ವಾ?"

"ಬೇಕು."

ಸೀನಪ್ಪ ಮರುಮಾತಿಲ್ಲದೆ ಉಪ್ಪಿನ ಡಬ್ಬಿಗೆ ಕೈ ಹಾಕಿದ. ಆ ನಂಬಿಕೆಯನ್ನು ನೋಡುತ್ತ ನಿಲ್ಲಲಾರದೆ ಸಿರಿಲ್ ತಿರುಗಿ, ಗಿರಾಕಿಗಳು ಕೂರುವ ಹಾಲಿಗೆ ಹೋಗುವ ಬಾಗಿಲನ್ನು ಭುಜದಿಂದ ತಳ್ಳಿದ.

ಕಾಸಾ ಮಿರೇಲಾ ದೋಹಾದ ಮದೀನತ್ ಖಲೀಫಾ ಬಡಾವಣೆಯ ವಿಲ್ಲಾಗಳ ನಡುವೆ ಇರುವ ಮೆಕ್ಸಿಕನ್ ಹೋಟೆಲು. ಮಾಲೀಕ ಅರಬ, ಅಡಿಗೆಯವ ಸೀನಪ್ಪ ಬಂಟ್ವಾಳದವ, ಬಡಿಸುವವರ ಮುಖ್ಯಸ್ಥ ಸಿರಿಲ್ ಶಿರ್ವದವ. ಮೆಕ್ಸಿಕೋದ್ದು ಅಂತ ಈಗ ಅಲ್ಲಿ ಉಳಿದಿರುವುದು ಗೋಡೆಯ ಬಣ್ಣ ಮತ್ತು ಹುಟ್ಟುಹಬ್ಬದ ಮಕ್ಕಳ ತಲೆಗೆ ಇಡುವ ದೊಡ್ಡ ಹುಲ್ಲಿನ ಟೋಪಿ, ಅಷ್ಟೇ. ಮಾಲೀಕ ಅಬು ನಾಸರ್ ಹರೆಯದಲ್ಲಿ ಟೆಕ್ಸಾಸಿನಲ್ಲಿ ಓದುವಾಗ ತಿಂದ ಊಟವನ್ನು ಮರೆಯಲಾರದೆ ಇದನ್ನು ತೆರೆದಿದ್ದರು. ಸುತ್ತಲಿನ ಮನೆಗಳ ಜನಕ್ಕೆ ಅದು ಹೋಟೆಲು ಅನ್ನುವುದಕ್ಕಿಂತ ಹೆಚ್ಚಾಗಿ ಮನೆಯ ಇನ್ನೊಂದು ಕೋಣೆ. ಎತ್ತರದ ಕುರ್ಚಿಯಲ್ಲಿ ಕೂತು ಅನ್ನ ಚೆಲ್ಲಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಚೆಲ್ಲಬೇಡ ಎಂದು ಬೈಯುತ್ತಾರೆ. ಸಿರಿಲನ ಬಾಯಿಂದ ಹುಟ್ಟುಹಬ್ಬದ ಹಾಡು ಕೇಳದ ಮಗು ಆ ಬಡಾವಣೆಯಲ್ಲಿ ಇರಲಿಕ್ಕಿಲ್ಲ.

ಅಷ್ಟು ಜನ ಬರುತ್ತಿದ್ದುದು ಮುಖ್ಯವಾಗಿ ಒಂದೇ ಪದಾರ್ಥಕ್ಕೆ: ಬಾರ್ಬಕೋವಾ. ದನದ ಮಾಂಸವನ್ನು ಒಣಮೆಣಸಿನ ಮಸಾಲೆಯಲ್ಲಿ ನೆನೆಸಿ, ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ, ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಿ, ಬೆಳಿಗ್ಗೆ ತೆಗೆದರೆ ಮುಟ್ಟಿದಲ್ಲೆಲ್ಲ ಎಳೆ ಎಳೆಯಾಗಿ ಬಿಟ್ಟುಕೊಳ್ಳಬೇಕು. ಎರ್ನೆಸ್ಟೋ ಎಂಬ ಮೆಕ್ಸಿಕೋದ ಬಾಣಸಿಗ ಸುರುವಿನ ಎರಡು ವರ್ಷ ಇದ್ದು, ಸೀನಪ್ಪನಿಗೆ ಕಲಿಸಿ, ಸೆಕೆ ತಡೆಯಲಾರದೆ ಹೊರಟುಹೋದ. ನೆರೆದೇಶಗಳು ಗಡಿ ಮುಚ್ಚಿ ಸಾಮಾನು ಬರುವುದು ನಿಂತ ವರ್ಷ ಮೆಕ್ಸಿಕೋದ ಮೆಣಸು ಸಿಗದೆ ಸೀನಪ್ಪ ಬ್ಯಾಡಗಿ ಮೆಣಸು ಹಾಕಿದ. ಗಿರಾಕಿಗಳು ಮೊದಲಿಗಿಂತ ಲಾಯಕ್ಕಾಗಿದೆ ಎಂದರು. ಗಡಿ ತೆರೆದ ಮೇಲೂ ಬ್ಯಾಡಗಿಯೇ ಉಳಿಯಿತು.

ಇಷ್ಟೆಲ್ಲ ಮಾಡುವ ಸೀನಪ್ಪ ಮಾತ್ರ ಅದನ್ನು ಒಮ್ಮೆಯೂ ಬಾಯಿಗೆ ಇಟ್ಟವನಲ್ಲ. ಅವನ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವ ಕೂರುವ ಮಂಚವುಂಟು. ಮೊದಲ ಸಲ ವಿಮಾನ ಹತ್ತುವ ಮುಂಚೆ ಆ ಮಂಚದ ಮುಂದೆ ನಿಂತು ಅವನು, ಹೊಟ್ಟೆಪಾಡಿಗೆ ಏನು ಮುಟ್ಟಬೇಕಾಗಿ ಬಂದರೂ ಮುಟ್ಟುತ್ತೇನೆ, ನಾಲಗೆಗೆ ಮಾತ್ರ ತಾಗಿಸುವುದಿಲ್ಲ ಎಂದು ಮಾತು ಕೊಟ್ಟಿದ್ದ. ಕೊಟ್ಟ ಮಾತು ನಡೆಸುವುದು ಕಷ್ಟವೇನೂ ಆಗಲಿಲ್ಲ. ಬೆಂದಿತೋ ಇಲ್ಲವೋ ಕೈಗೆ ಗೊತ್ತಾಗುತ್ತಿತ್ತು, ಜೀರಿಗೆ ಕರಗಿತೋ, ಹುಳಿ ಹಿಡಿಯಿತೋ ಎಂಬುದು ಮೂಗಿಗೆ. ಒಂದಕ್ಕೆ ಮಾತ್ರ ದಾರಿಯಿರಲಿಲ್ಲ, ಉಪ್ಪಿಗೆ ವಾಸನೆ ಇಲ್ಲವಲ್ಲ. ಎರ್ನೆಸ್ಟೋ ಹೋದ ಮರುದಿನ ಸೀನಪ್ಪ ಚಮಚ ಹಿಡಿದು ದಾರಿ ಕಾಣದೆ ನಿಂತಿದ್ದಾಗ, ಎಂಜಲು ತಟ್ಟೆಗಳ ಅಟ್ಟಿ ಹೊತ್ತು ಒಳಗೆ ಬಂದವನು ಸಿರಿಲ್.

"ಏ ಪೊರ್ಬು, ನೀನು ತಿಂತಿ ಅಲ್ವಾ? ಬಾ ಇಲ್ಲಿ. ಉಪ್ಪು ಹೇಳು."

ಅಂದು ಸುರುವಾದದ್ದು ಇಪ್ಪತ್ತಮೂರು ವರ್ಷ ನಡೆಯಿತು. ಅಡಿಗೆಮನೆಯಲ್ಲಿ ಕೈಸಹಾಯಕ್ಕಿದ್ದ ಲತೇಶನಂಥ ಈಚಿನ ಹುಡುಗರು, ಉಪ್ಪನ್ನು ಅಳತೆ ಮಾಡಿ ಹಾಕಿದರೆ ಯಾರೂ ರುಚಿ ನೋಡಬೇಕಾಗಿಲ್ಲವಲ್ಲ ಎಂದರೆ, ಸೀನಪ್ಪ "ಅಳತೆ ಮಾಡಿ ಹಾಕುದು ಸಿಮೆಂಟು" ಎಂದು ಬಾಯಿ ಮುಚ್ಚಿಸುತ್ತಿದ್ದ. ಗ್ರಿಲ್ ನೋಡಿಕೊಳ್ಳುವ ಕಾಸರಗೋಡಿನ ಅನ್ಸಾರ್ ದನದ ಮಾಂಸ ಪ್ರಿಯನೇ. ಆದರೆ ಸೀನಪ್ಪನ ಪ್ರಕಾರ ಅವನ ನಾಲಗೆಗೆ ಎಲ್ಲವೂ ಒಂದೇ, ಹೊಟ್ಟೆ ತುಂಬಿದರೆ ಸಾಕು. ಸಿರಿಲನ ನಾಲಗೆ ಹಾಗಲ್ಲ. ಅವನು 'ಚೂರು' ಎಂದರೆ ಎಷ್ಟು, 'ಒಂಚೂರು' ಎಂದರೆ ಎಷ್ಟು ಎಂದು ಸೀನಪ್ಪನ ಬೆರಳುಗಳಿಗೆ ಗೊತ್ತಿತ್ತು.

ಫೆಬ್ರುವರಿಯಲ್ಲಿ ಸಿರಿಲನಿಗೆ ಜ್ವರ ಬಂತು. ಒಂದು ವಾರ ಮಲಗಿ ಎದ್ದಾಗ ಮೂಗು ಸತ್ತುಹೋಗಿತ್ತು, ಅದರ ಹಿಂದೆಯೇ ನಾಲಗೆಯೂ ಹೋಯಿತು. ನಾಲ್ಕು ದಿನದಲ್ಲಿ ಸರಿಯಾದೀತು ಎಂದುಕೊಂಡ. ಆಗಲಿಲ್ಲ. ದೋಹಾ ಅಲ್ ಜದೀದಾದ ಅವರ ಫ್ಲಾಟಿನಲ್ಲಿ ಒಂದು ದಿನ, ಕೆಟ್ಟುಹೋಗಿ ನೊರೆ ಬಂದಿದ್ದ ಮೀನಿನ ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡ. ಹೆಂಡತಿ ಐವಿ ತನ್ನ ತಟ್ಟೆಗೆ ಹಾಕಿಕೊಂಡು ಬಾಯಿಗಿಟ್ಟವಳೇ ಸಿಂಕಿಗೆ ಓಡಿದಳು. ವಾಪಸು ಬಂದು ಗಂಡನ ಖಾಲಿ ತಟ್ಟೆಯನ್ನೇ ನೋಡುತ್ತ ನಿಂತಳು.

ಐವಿ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಅಲ್ಲಿನ ಡಾಕ್ಟರಿಗೆ ತೋರಿಸಿದಳು. ಬರಬಹುದು, ಬಾರದೆಯೂ ಇರಬಹುದು ಎಂದು ಅವರೆಂದರು.

"ಸೀನಪ್ಪನಿಗೆ ಹೇಳಿ" ಎಂದಳು ಐವಿ.

"ಹೇಳ್ತೇನೆ."

"ಯಾವಾಗ?"

"ಹೇಳ್ತೇನೆ ಅಂದೆ ಅಲ್ವಾ?"

ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಬರುವ ವರ್ಷ ಅರವತ್ತು. ಸಂಜೆಯಾಗುವಷ್ಟರಲ್ಲಿ ಕಾಲು ಬೂಟಿನಿಂದ ಹೊರಬರುವುದಿಲ್ಲ ಎನ್ನುವಷ್ಟು ಬೀಗುತ್ತದೆ. ಆರ್ಡರ್ ತೆಗೆದುಕೊಳ್ಳಲು ಈಗ ಪೆನ್ನು ಬೇಡ, ಫಿಲಿಪ್ಪೀನಿ ಹುಡುಗಿಯರು ಟ್ಯಾಬಿನಲ್ಲಿ ಒತ್ತಿ ಕಳಿಸುತ್ತಾರೆ. ಮಂಗಳೂರಿನಲ್ಲಿ ನರ್ಸಿಂಗ್ ಓದುವ ಮಗಳು ರೀಮಾಳದ್ದು ಇನ್ನೊಂದು ವರ್ಷ ಬಾಕಿ. ಹೋಟೆಲಿನಲ್ಲಿ ತಾನಲ್ಲದೆ ಆಗದು ಎನ್ನುವಂಥ ಕೆಲಸ ಅಂತ ಸಿರಿಲನಿಗೆ ಉಳಿದಿದ್ದರೆ ಅದು ಬೆಳಗ್ಗಿನ ಆ ಒಂದು ಚಮಚ ಮಾತ್ರ. ಅದನ್ನೂ ಕೊಟ್ಟು ಕೈ ಬೀಸಿಕೊಂಡು ನಿಲ್ಲಲು ಅವನಿಗೆ ಹೆದರಿಕೆಯಾಯಿತು. ಮನುಷ್ಯನಿಗೆ ಹೆದರಿಕೆ ಹುಟ್ಟಿದರೆ ಎಷ್ಟು ಬುದ್ಧಿ ಬರುತ್ತದೆ ನೋಡಿ: ದಿನವೂ ಸರಿಯಿದೆ ಎನ್ನಬಾರದು, ನಡುನಡುವೆ ಉಪ್ಪು ಬೇಕು ಎನ್ನಬೇಕು, ಎಂದಾದರೊಮ್ಮೆ 'ಇವತ್ತು ಭಾರೀ ಆಯ್ತು' ಎಂದು ಬೆನ್ನು ತಟ್ಟಬೇಕು ಎಂಬುದನ್ನೆಲ್ಲ ತಾನೇ ಕಂಡುಕೊಂಡ.

ಏಪ್ರಿಲಿನಲ್ಲಿ ಮೊದಲ ತಟ್ಟೆ ವಾಪಸು ಬಂತು. ಹತ್ತು ವರ್ಷದಿಂದ ಬರುತ್ತಿದ್ದ ಒಂದು ಪ್ಯಾಲೆಸ್ತೀನಿ ಕುಟುಂಬ. ತಾಯಿ ಸಂಕೋಚದಿಂದ, "ಸಿರಿಲ್, ಇವತ್ತು ಉಪ್ಪು ಸ್ವಲ್ಪ..." ಎಂದು ಕೈ ಆಡಿಸಿದಳು. ಅವಳ ಚಿಕ್ಕ ಮಗನಿಗೆ ಸಂಕೋಚ ಗೊತ್ತಿರಲಿಲ್ಲ. ನಾಲಗೆ ಹೊರಗೆ ಹಾಕಿ ಕಾಗದದ ಕರವಸ್ತ್ರದಿಂದ ಒರೆಸಿಕೊಂಡ. ಸಿರಿಲ್ ತಟ್ಟೆ ಎತ್ತಿಕೊಂಡು ಒಳಗೆ ಬಂದು, ಉಪ್ಪಿನ ಕಂಪನಿ ಬದಲಾಗಿದೆಯಂತೆ, ಅದಕ್ಕೇ ಇರಬೇಕು ಎಂದ. ಸೀನಪ್ಪ ಪ್ಯಾಕೆಟನ್ನು ತಿರುಗಿಸಿ ನೋಡಿದ. ಅದೇ ಕಂಪನಿ.

ಮುಂದಿನ ವಾರ ಇನ್ನೊಂದು ಬಂತು. ಆಮೇಲೆ ಉಪ್ಪಿಲ್ಲವೆಂದು ಒಂದು. ವಾಪಸು ಕಳಿಸದೆ ಅರ್ಧಕ್ಕೇ ಬಿಟ್ಟುಹೋದವರೂ ಇದ್ದರು. ಸಿರಿಲ್ ಆ ತಟ್ಟೆಗಳನ್ನು ಸೀನಪ್ಪನಿಗೆ ಕಾಣದಂತೆ ತೊಟ್ಟಿಗೆ ಸುರಿಯುತ್ತಿದ್ದ. ಆದರೂ ಸೀನಪ್ಪನಿಗೆ ಗೊತ್ತಾಗದೆ ಇರುತ್ತದೆಯೆ? ಅವನು ಕುಗ್ಗುತ್ತ ಹೋದ. ಅಡಿಗೆಮನೆಯಲ್ಲಿ ರೇಗುವುದು, ಲತೇಶನ ಕಾಲೆಳೆಯುವುದು, ಫೋನಿನಲ್ಲಿ ಯಕ್ಷಗಾನ ಹಾಕಿ ಕೇಳುವುದು ಎಲ್ಲ ನಿಂತಿತು. ಉಪ್ಪು ಹಾಕುವಾಗ ಬೆರಳುಗಳನ್ನು ಬೆಳಕಿಗೆ ಹಿಡಿದು, ಅವು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದ.

"ನೀನು ಸರಿ ಹೇಳ್ತಾ ಇದ್ದಿ. ಮತ್ತೆ ಹೇಗೆ ಹೆಚ್ಚುಕಮ್ಮಿ ಆಗ್ತದೆ?" ಎಂದು ಒಂದು ದಿನ ಕೇಳಿದ. "ನೀನು ಚೂರು ಅಂದ ಮೇಲೆ ನನ್ನ ಕೈ ಚೂರು ಹಾಕ್ಲಿಕ್ಕಿಲ್ಲ, ಅಷ್ಟೇ. ಕೈ ಹೋಯ್ತು ಮಾರಾಯ."

ಆ ಹೊತ್ತಿಗೆ ಸಿರಿಲ್ ಹೇಳಿಬಿಡಬೇಕಿತ್ತು. ಅಷ್ಟರಲ್ಲಿ ಹಾಲಿನಿಂದ ಯಾರೋ ಕರೆದರು. ಕರೆದದ್ದಕ್ಕೆ ಅವನಿಗೆ ಖುಷಿಯಾಯಿತು. ಹಾಗೆ ಖುಷಿಯಾದದ್ದಕ್ಕೆ ರಾತ್ರಿ ಬಹಳ ನಾಚಿಕೆಯಾಯಿತು.

ಇದರ ಮೇಲೆ ಮೈಥಾ ಬಂದಳು. ಅಬು ನಾಸರರಿಗೆ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದ ನಂತರ ವ್ಯವಹಾರವೆಲ್ಲ ಮಗಳು ಮೈಥಾಳ ಕೈಗೆ ಬಂದಿತ್ತು. ಒಳ್ಳೆಯ ಹೆಣ್ಣು. ಇವರಿಬ್ಬರ ಕಣ್ಣೆದುರೇ ಬೆಳೆದವಳು, ಈಗಲೂ ಅಂಕಲ್ ಎಂದೇ ಕರೆಯುವವಳು. ಅಡಿಗೆಮನೆಗೆ ಬಂದು, ಇಬ್ಬರನ್ನೂ ನಿಲ್ಲಿಸಿಕೊಂಡು, ಗಿರಾಕಿಗಳು ಇಂಟರ್ನೆಟ್ಟಿನಲ್ಲಿ ಏನೇನೋ ಬರೆಯುತ್ತಿದ್ದಾರೆ ಎಂದು ಹೇಳಿದಳು. ಒಂದು ಕಂಪನಿಯವರು ಮಾಂಸ, ಮಸಾಲೆ ಎಲ್ಲವನ್ನೂ ಬೇಯಿಸಿ ಪ್ಯಾಕೆಟ್ಟಿನಲ್ಲಿ ತಂದುಕೊಡುತ್ತಾರಂತೆ, ಇಲ್ಲಿ ಬಿಸಿ ಮಾಡಿದರಾಯಿತು. ರುಚಿ ಎಂದೂ ಬದಲಾಗುವುದಿಲ್ಲ.

"ನನಗೂ ಇಷ್ಟ ಇಲ್ಲ, ಅಂಕಲ್. ಶುಕ್ರವಾರ ಬಾಬಾನನ್ನು ಕರೆದುಕೊಂಡು ಬರುತ್ತೇನೆ. ನಾವೆಲ್ಲ ಊಟ ಮಾಡುತ್ತೇವೆ. ಆಮೇಲೆ ನೋಡುವಾ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ ಹೋದಳು.

ಪ್ಯಾಕೆಟ್ ಬಂದರೆ ಬಿಸಿ ಮಾಡಲು ಸೀನಪ್ಪ ಯಾಕೆ ಬೇಕು? ಅದನ್ನು ಅವಳು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಗುರುವಾರ ಮನೆಗೆ ಬಂದಾಗ ಐವಿ ಅವನ ಬೂಟಿನ ಲೇಸು ಬಿಚ್ಚಿ, ಬಕೆಟ್ಟಿನ ಬಿಸಿನೀರಿಗೆ ಕಾಲು ಇಳಿಸಿದಳು. ಗಂಡನ ಮುಖ ನೋಡದೆ, "ನೀವು ಹೇಳುದಾ, ನಾನು ಫೋನ್ ಮಾಡುದಾ?" ಎಂದಳು.

"ಅವನು ನನ್ನನ್ನು ಕ್ಷಮಿಸುದಿಲ್ಲ ಐವಿ."

"ಇಲ್ಲದಿರ್ಲಿ. ಅವ ತನ್ನ ಕೈಯೇ ಹೋಯ್ತು ಅಂತ ನಂಬಿಕೊಂಡು ಊರಿಗೆ ಹೋಗುದು ನಿಮಗೆ ಸಮಾಧಾನವಾ? ಅದರಿಂದ ನಿಮಗೆ ಎಷ್ಟು ದಿನ ಅನ್ನ ಇಳಿತದೆ?"

ಸಿರಿಲ್ ನೀರಿನಲ್ಲಿ ತನ್ನ ಬೀಗಿದ ಪಾದಗಳನ್ನು ನೋಡುತ್ತ ಕೂತ. ಹೆಂಡತಿಯ ಮೇಲೆ ಸಿಟ್ಟು ಬಂತು. ಸರಿಯಾದದ್ದನ್ನು ಹೇಳುವವರ ಮೇಲೆ ಬರುವ ಸಿಟ್ಟು ಅದು. ಬಹಳ ಹೊತ್ತು ನಿಲ್ಲಲಿಲ್ಲ.

ಶುಕ್ರವಾರ ಬೆಳಿಗ್ಗೆ ಬೇಗ ಹೋದ. ಸೀನಪ್ಪ ಅವನಿಗಿಂತ ಮುಂಚೆ ಬಂದು, ಪಾತ್ರೆಯ ಬಾಯಿಗೆ ಮೆತ್ತಿದ್ದ ಹಿಟ್ಟನ್ನು ಕತ್ತಿಯ ಹಿಡಿಯಿಂದ ಬಡಿದು ಬಿಡಿಸುತ್ತಿದ್ದ. ಲತೇಶ್ ಹೊರಗೆ ತರಕಾರಿ ಇಳಿಸಿಕೊಳ್ಳುತ್ತಿದ್ದ. ಮುಚ್ಚಳ ತೆಗೆದಾಗ ಹಬೆ ಎದ್ದಿತು. ಆ ಪರಿಮಳ ಹೇಗಿರುತ್ತಿತ್ತು ಎಂದು ನೆನೆಸಿಕೊಳ್ಳಲು ಸಿರಿಲ್ ಪ್ರಯತ್ನಪಟ್ಟ. ನೆನಪು ಕೂಡ ಮಸುಕಾಗಿತ್ತು.

"ಇವತ್ತು ಇವರ ಊಟ ಒಂದು ಆಗ್ಲಿ" ಎಂದ ಸೀನಪ್ಪ. "ಆದ ಮೇಲೆ ನಾನೇ ಮೈಥಾನ ಹತ್ರ ಹೇಳ್ತೇನೆ. ಪ್ಯಾಕೆಟ್ ತರಿಸು ಮಗಾ, ನನ್ನ ಕೈಯಲ್ಲಿ ಇನ್ನು ಆಗುದಿಲ್ಲ ಅಂತ. ಅವಳ ಬಾಯಿಂದ ಬರುವ ಮುಂಚೆ ನಾವೇ ಹೇಳಿದ್ರೆ ಮರ್ಯಾದೆ. ಖಲಾಸ್." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಕಾಣಲಿಲ್ಲ. ದಣಿವಷ್ಟೇ ಇತ್ತು. ಚಮಚವನ್ನು ರಸದಲ್ಲಿ ಅದ್ದಿ, ಅಂಚನ್ನು ಪಾತ್ರೆಗೆ ಒರೆಸಿ, ಮುಂದೆ ಚಾಚಿದ. "ಕಡೇ ಸಲ ಹೇಳು ಪೊರ್ಬು."

ಸಿರಿಲ್ ಚಮಚ ತೆಗೆದುಕೊಂಡ. ಬಾಯಿಗೆ ಇಡಲಿಲ್ಲ.

"ಸೀನಪ್ಪ, ನನಗೆ ಗೊತ್ತಾಗುದಿಲ್ಲ."

"ಎಂತ ಗೊತ್ತಾಗುದಿಲ್ಲ?"

"ರುಚಿ. ಉಪ್ಪು, ಹುಳಿ, ಎಂತದೂ ಗೊತ್ತಾಗುದಿಲ್ಲ. ಆ ಜ್ವರ ಬಂತಲ್ಲ, ಅವತ್ತಿನಿಂದ."

ಸೀನಪ್ಪ ಅರ್ಥವಾಗದವನಂತೆ ನಕ್ಕ. ಆಮೇಲೆ ಸಿರಿಲನ ಮುಖ ನೋಡಿ ನಗುವುದನ್ನು ನಿಲ್ಲಿಸಿದ.

"ಜ್ವರ ಬಂದದ್ದು ಫೆಬ್ರುವರಿಯಲ್ಲಿ."

"ಹೌದು."

"ಮತ್ತೆ ಇಷ್ಟು ದಿನ ನೀನು ಚೂರು ಬೇಕು, ಚೂರು ಬೇಡ ಅಂತ..."

"ಬಾಯಿಗೆ ಬಂದದ್ದು ಹೇಳ್ತಿದ್ದೆ."

ಫ್ರಿಜ್ಜಿನ ಮೋಟಾರು ಒಮ್ಮೆ ಗುರುಗುಟ್ಟಿ ನಿಂತಿತು. ಸೀನಪ್ಪ ತನ್ನ ಬಲಗೈಯನ್ನು ಎತ್ತಿ ನೋಡಿದ, ಮಗ್ಗುಲು ಬದಲಿಸಿ ನೋಡಿದ. "ಮೂರು ತಿಂಗಳು" ಎಂದ. "ಮೂರು ತಿಂಗಳು ನಾನು ಈ ಕೈಗೆ ಬೈದಿದ್ದೇನೆ. ಊರಿಗೆ ಫೋನ್ ಮಾಡಿ ಹೆಂಡತಿ ಹತ್ರ ಹೇಳಿದ್ದೇನೆ, ನನಗೆ ಪ್ರಾಯ ಆಯ್ತು, ಇನ್ನು ನನ್ನಿಂದ ಆಗ್ಲಿಕ್ಕಿಲ್ಲ ಅಂತ. ಅವಳು ಕಣ್ಣೀರು ಹಾಕಿ ಕೂಗಿದ್ಲು. ನೀನು ಇಲ್ಲಿ ನನ್ನ ಎದುರು ನಿಂತು ಕಣ್ಣು ಮುಚ್ಚಿ ನಾಟಕ ಮಾಡ್ತಿದ್ದಿ."

"ಹೆದರಿಕೆ ಆಯ್ತು ಸೀನಪ್ಪ. ಇದೊಂದು ಹೋದ್ರೆ ನನಗೆ ಇಲ್ಲಿ ಮತ್ತೆ ಎಂತ ಉಂಟು?"

"ನನಗೆ ಎಂತ ಉಂಟು ಅಂತ ನೀನು ಯೋಚನೆ ಮಾಡ್ಲಿಲ್ಲ."

ಸಿರಿಲ್ ಯೋಚಿಸಿದ್ದ, ದಿನವೂ ಯೋಚಿಸಿದ್ದ. ಯೋಚಿಸಿಯೂ ಸುಮ್ಮನಿದ್ದ ಎನ್ನುವುದು ಇನ್ನೂ ಕೆಟ್ಟದ್ದಲ್ಲವೆ? "ಅನ್ಸಾರನನ್ನು ಕರಿತೇನೆ. ಅವ ಮಸೀದಿಗೆ ಹೋಗುವ ಮುಂಚೆ ಒಮ್ಮೆ ರುಚಿ ನೋಡ್ಲಿ" ಎಂದು ಬಾಗಿಲ ಕಡೆ ತಿರುಗಿದ.

"ಬೇಡ."

"ಇವತ್ತು ಒಂದು ದಿನ ಮಾರಾಯ, ಅವರೆಲ್ಲ ಬರ್ತಾರೆ."

"ಬೇಡ ಅಂದೆ ಅಲ್ವಾ? ಇನ್ನು ನನಗೆ ಯಾರ ನಾಲಗೆಯೂ ಬೇಡ."

ಸಿರಿಲನ ಕೈಯಿಂದ ಚಮಚ ಕಿತ್ತುಕೊಂಡು ಸೀನಪ್ಪ ಪಾತ್ರೆಯ ಕಡೆ ತಿರುಗಿದ. ಏನು ಮಾಡಲು ಹೊರಟಿದ್ದಾನೆ ಎಂದು ಸಿರಿಲನಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. "ಸೀನಪ್ಪ, ಬೇಡ, ಅದೊಂದು ಮಾಡ್ಬೇಡ" ಎಂದು ತೋಳು ಹಿಡಿದ. ಸೀನಪ್ಪ ತೋಳನ್ನು ಕೊಡವಿಕೊಂಡ. ಎಪ್ರನ್ನಿನಿಂದ ಬಾಯಿ ಒರೆಸಿಕೊಂಡ. ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತ. ಯಾಕೆ ಕಳಚಿದನೋ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಆಮೇಲೆ ರಸವನ್ನು ಬಾಯಿಗೆ ಇಟ್ಟುಕೊಂಡ.

ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿಯಿತು. ಸಿರಿಲ್ ಕಣ್ಣು ಕೀಳದೆ ನೋಡಿದ. ನೋಡುವುದೇ ತನಗಾಗಬೇಕಾದ ಶಿಕ್ಷೆ ಎನಿಸಿತು.

"ಸಪ್ಪೆ ಉಂಟು" ಎಂದ ಸೀನಪ್ಪ. "ಹೆಚ್ಚಾದೀತು ಅಂತ ಹೆದರಿ ಹೆದರಿ ನಿನ್ನೆ ಹಾಕ್ಲೇ ಇಲ್ಲ ನಾನು."

ಉಪ್ಪು ಹಾಕಿದ. ಸೌಟಿನಿಂದ ತಿರುವಿದ. ಸ್ವಲ್ಪ ಲಿಂಬೆ ಹಿಂಡಿದ. ಇನ್ನೊಮ್ಮೆ ಚಮಚ ಅದ್ದಿದ. ಈ ಸಲ ಊದಿ, ಆರಿಸಿ, ಬಾಯಿಗೆ ಇಟ್ಟುಕೊಂಡ. ಮೊದಲಿನದು ಸಿಟ್ಟಿನಲ್ಲಿ ಆಗಿಹೋಗಿತ್ತು, ಇದು ತಿಳಿದೂ ತಿಳಿದೂ ಮಾಡುವಂಥದ್ದು.

"ಹ್ಞಾ, ಈಗ ಸಮ ಉಂಟು" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು, "ಹೋಗು, ಟೇಬಲ್ ನೋಡು" ಎಂದ.

ಜುಮ್ಮಾ ನಮಾಜು ಮುಗಿದ ಮೇಲೆ ಅವರೆಲ್ಲ ಬಂದರು. ಗಾಲಿಕುರ್ಚಿಯಲ್ಲಿ ಅಬು ನಾಸರ್, ಅವರ ಹೆಂಡತಿ, ಮೈಥಾ, ಅವಳ ಗಂಡ, ಮೂರು ಮಕ್ಕಳು. ಮಕ್ಕಳು ಕೂತ ಕೂಡಲೇ ಮೇಜಿನ ಕಾಗದದ ಮೇಲೆ ಬಣ್ಣದ ಕಡ್ಡಿಗಳಿಂದ ಗೀಚಲು ಸುರುಮಾಡಿದರು. ಸಿರಿಲ್ ಬಾರ್ಬಕೋವಾದ ತಟ್ಟೆಯನ್ನು ತಾನೇ ಎತ್ತಿ ತಂದ. ಮೇಜಿನ ನಡುವೆ ಇಟ್ಟು, ರೊಟ್ಟಿಯ ಬುಟ್ಟಿ ಪಕ್ಕಕ್ಕಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನಿಂತ.

ಮೈಥಾ ತಂದೆಗೆ ರೊಟ್ಟಿಯಲ್ಲಿ ಸುತ್ತಿ ಮೊದಲ ತುತ್ತು ಕೊಟ್ಟಳು. ಅಬು ನಾಸರ್ ಬಾಯಿಯ ಒಂದು ಬದಿಯಿಂದ ನಿಧಾನವಾಗಿ ಅಗಿದರು. ಅಗಿಯುತ್ತ ಅಗಿಯುತ್ತ ಎಡಗೈಯನ್ನು ತಟ್ಟೆಯ ಕಡೆ ಚಾಚಿದರು. ಮಗಳು ಇನ್ನೊಂದು ತುತ್ತು ಸುತ್ತಿಕೊಡುವವರೆಗೆ ಅವರಿಗೆ ತಾಳ್ಮೆ ಇರಲಿಲ್ಲ. ತಾವೇ ಬೆರಳುಗಳಿಂದ ಎಳೆ ಎತ್ತಿ ಬಾಯಿಗೆ ಹಾಕಿಕೊಂಡರು. ಮಕ್ಕಳು ನಕ್ಕರು. ಅವರ ಹೆಂಡತಿ ಮುಸುಕಿನ ಅಂಚಿನಿಂದ ಕಣ್ಣು ಒತ್ತಿಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಕೇಳಿ ತಿಂದದ್ದು ಇದೇ ಮೊದಲಂತೆ.

"ಅಂಕಲ್" ಎಂದಳು ಮೈಥಾ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಪ್ಯಾಕೆಟ್ ಬೇಡ. ಒಳಗೆ ಹೇಳಿ. ನಾನು ಇನ್ನು ಆ ಮಾತು ಎತ್ತುವುದಿಲ್ಲ."

ಅಬು ನಾಸರ್ ಸಿರಿಲನನ್ನು ಹತ್ತಿರ ಕರೆದರು. ಅವನ ಮಣಿಕಟ್ಟು ಹಿಡಿದು, ಮೊಮ್ಮಕ್ಕಳ ಕಡೆ ತಿರುಗಿ, ತೊದಲುತ್ತ, ಅರಬಿಯಲ್ಲಿ ಏನೋ ಹೇಳಿದರು. ಹೋಟೆಲು ಹೊಸದಾಗಿದ್ದಾಗ ಬಂದವರಿಗೆಲ್ಲ ಅವರು ಹೇಳುತ್ತಿದ್ದ ತಮಾಷೆ ಅದು: ನೋಡಿ, ಇವನೇ ನನ್ನ ನಾಲಗೆ. ಮಾತೇ ನೆಟ್ಟಗೆ ಹೊರಡದ ಬಾಯಿಂದ ಆ ತಮಾಷೆ ಮಾತ್ರ ಹೊರಟಿತು. ಎಲ್ಲರೂ ಸಿರಿಲನನ್ನು ನೋಡಿ ಮುಗುಳ್ನಕ್ಕರು. ಅವನೂ ನಗಬೇಕಾಯಿತು, ನಕ್ಕ. ನೆಲ ಬಿರಿದು ನುಂಗಬಾರದೆ ಎನಿಸಿತು.

ಅಡಿಗೆಮನೆಯಲ್ಲಿ ಸೀನಪ್ಪ ಇರಲಿಲ್ಲ. ಲತೇಶ್ ಹಿಂದಿನ ಬಾಗಿಲ ಕಡೆ ಗಲ್ಲ ತೋರಿಸಿದ. "ಆಗದಿಂದ ಹೊರಗೇ ಇದ್ದಾರೆ. ಎಂತ ಆಯ್ತು? ನಲ್ಲಿ ಬಿಟ್ಟು ಬಾಯಿ ಮುಕ್ಕಳಿಸ್ತಾನೇ ಇದ್ರು. ಹುಷಾರಿಲ್ವಾ?"

ಸಿರಿಲ್ ಉತ್ತರ ಕೊಡದೆ ಬಾಗಿಲು ತೆಗೆದ. ಮೇ ತಿಂಗಳ ಮಧ್ಯಾಹ್ನದ ಕಾವು ಮುಖಕ್ಕೆ ರಾಚಿತು. ಹೋಟೆಲಿನ ಹಿಂದಿನ ಓಣಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎರಡು ಟೊಮೆಟೊ ಕ್ರೇಟುಗಳನ್ನು ಬೋರಲು ಜೋಡಿಸಿಕೊಂಡು ಸೀನಪ್ಪ ಕೂತಿದ್ದ. ಮೀಸೆ, ಗಲ್ಲ, ಎಪ್ರನ್ನಿನ ಎದೆಭಾಗ ಎಲ್ಲ ನೀರಿನಿಂದ ತೊಯ್ದಿತ್ತು. ತುಟಿಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು.

"ಪ್ಯಾಕೆಟ್ ಬೇಡ ಅಂತೆ" ಎಂದ ಸಿರಿಲ್.

"ಹ್ಞೂಂ."

"ಅಬು ನಾಸರ್ ಕೈ ಹಾಕಿ ತಿಂದ್ರು."

"ಹ್ಞೂಂ."

ಸಿರಿಲ್ ಬಾಗಿಲ ಬಳಿಯೇ ಬಿಸಿಲಲ್ಲಿ ನಿಂತ. ಟೈ ಕುತ್ತಿಗೆಗೆ ಅಂಟಿಕೊಂಡಿತು. "ತಪ್ಪಾಯ್ತು" ಎಂದ. ಆ ಮಾತು ಎಷ್ಟು ಚಿಕ್ಕದು ಎಂದು ಬಾಯಿಂದ ಬಿದ್ದ ಮೇಲೆ ಅವನಿಗೇ ತಿಳಿಯಿತು. ಸೀನಪ್ಪ ಮೀಸೆಯ ನೀರನ್ನು ಅಂಗೈಯಿಂದ ಒರೆಸಿಕೊಂಡ. ಓಣಿಯಾಚೆ ಯಾರೋ ಕಾರಿನ ಬಾಗಿಲು ಹಾಕಿಕೊಂಡು ಹೊರಟರು.

"ಊರಿಗೆ ಹೋದಾಗ ಆ ಮಂಚದ ಎದುರು ಎಂತ ಹೇಳುದು ಅಂತ ಯೋಚನೆ ಮಾಡ್ತಾ ಇದ್ದೆ" ಎಂದ ಸೀನಪ್ಪ, ಸಿರಿಲನ ಕಡೆ ನೋಡದೆ. "ಗೆಳೆಯನಿಗೆ ನಾಲಗೆ ಹೋಯ್ತು ಅಂತ ಹೇಳಿದ್ರೆ ದೈವ ಕೇಳ್ತದಾ? ಗೊತ್ತಿಲ್ಲ. ಹೇಳಿ ನೋಡ್ಬೇಕು."

ಆಮೇಲೆ, "ಹೇಗಿತ್ತು ಅಂತ ಕೇಳುದಿಲ್ವಾ ನೀನು?" ಎಂದ.

ಸಿರಿಲ್ ತಲೆಯೆತ್ತಿದ. "ಹೇಗಿತ್ತು?"

ಸೀನಪ್ಪ ಓಣಿಯ ಎದುರುಗೋಡೆಯನ್ನೇ ನೋಡುತ್ತಿದ್ದ.

"ಭಾರೀ ಲಾಯ್ಕ್ ಇತ್ತು ಮಾರಾಯ" ಎಂದ. "ಅಷ್ಟು ಲಾಯ್ಕ್ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ. ಅಷ್ಟು ವರ್ಷ ನೀನು ಹೇಳಿದ್ದು ಸುಳ್ಳಲ್ಲ."

ಒದ್ದೆ ಎಪ್ರನ್ನನ್ನು ಎರಡು ಕೈಯಲ್ಲೂ ಎತ್ತಿ ಮುಖಕ್ಕೆ ಒತ್ತಿಕೊಂಡ. ಅವನ ಭುಜಗಳು ಒಂದೆರಡು ಸಲ ಕುಲುಕಿ ಸುಮ್ಮನಾದವು. ಸಿರಿಲ್ ನಿಂತಲ್ಲೇ ನಿಂತಿದ್ದ. ಮುಟ್ಟಲು ಧೈರ್ಯ ಬರಲಿಲ್ಲ, ಒಳಗೆ ಹೋಗಲು ಮನಸ್ಸಾಗಲಿಲ್ಲ.

ಗೋಡೆಯ ಬುಡದಲ್ಲಿ ನೆರಳು ಗೇಣಗಲದಷ್ಟೇ ಇತ್ತು. ಸೀನಪ್ಪ ಮುಖದಿಂದ ಬಟ್ಟೆ ತೆಗೆಯದೆಯೇ ಮೊಣಕಾಲು ಮಡಚಿಕೊಂಡು, ಕ್ರೇಟಿನ ತುದಿಗೆ ಸರಿದು ಕೂತ. ಸಿರಿಲ್ ಬಂದು ಆ ಜಾಗದಲ್ಲಿ ಕೂತ, ಬೂಟು ಬಿಸಿಲಿಗೆ ಬೀಳದಂತೆ ಕಾಲುಗಳನ್ನು ಒಳಗೆಳೆದುಕೊಂಡ.